ಮೆಟ್ಟಿಲ ಕೆಳಗೆ ನಿಂತ ಗಾಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಅಪ್ಪನ ಬಜಾಜ್ ಚೇತಕ್ ಹನ್ನೊಂದು ವರ್ಷ ನಿಂತಿತ್ತು. ಅದು ಮತ್ತೆ ಬೀದಿಗಿಳಿದ ದಿನದಿಂದ ನೆಂಟರು, ನೆಂಟರ ನೆಂಟರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು, ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ನಿಂತಿರುವ ಗಾಡಿಯ ಕತೆ ತೆಗೆಯುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ. ವಾರವೆಲ್ಲ ಬ್ಯಾಂಕಿನಲ್ಲಿ ಗುಮಾಸ್ತಿಕೆ, ಭಾನುವಾರ ಗ್ರೀಸು. ಒಂದೇ ಉತ್ತರವನ್ನು ಇಪ್ಪತ್ತು ಸಲ ಹೇಳಿ ಬಾಯಿ ನೋಯುವ ಬದಲು ಬರೆದಿಡೋಣ ಅನ್ನಿಸಿತು.

## ಶುರು ಮಾಡುವ ಮೊದಲು

ಹೊಸ ಪೆಟ್ರೋಲ್ ಹಾಕಿ ನಾಲ್ಕು ಕಿಕ್ ಹೊಡೆದರೆ ಸ್ಟಾರ್ಟ್ ಆಗಲ್ವಾ ಸರ್?

ಎಷ್ಟೋ ಸಲ ಆಗಿಬಿಡುತ್ತೆ, ತಾಪತ್ರಯ ಶುರುವಾಗುವುದೇ ಅಲ್ಲಿಂದ. ನಮ್ಮ ಚೇತಕ್ ಆರನೇ ಕಿಕ್ಕಿಗೇ ಹೊತ್ತಿಕೊಂಡಿತು. ಖುಷಿ ತಡೆಯಲಾರದೆ ಹತ್ತಿ ಹೊರಟೆ. ನಮ್ಮ ಬೀದಿ ಇಳಿಜಾರು. ಬ್ರೇಕ್ ತುಳಿದರೆ ಪೆಡಲ್ ನೆಲ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಬ್ರೇಕ್ ಶೂವಿನ ಲೈನಿಂಗ್ ಎಂದೋ ಅಂಟು ಬಿಟ್ಟಿತ್ತು. ಪಕ್ಕದ ಮನೆಯ ರಂಗೋಲಿ ದಾಟಿ, ಗೇಟಿಗೆ ಗುದ್ದಿ ನಿಂತೆ. ಎರಡು ದಿನ ಬಿಟ್ಟು ಟ್ಯಾಂಕಿನ ತುಕ್ಕು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಇಳಿದು ಇಂಜಿನ್ನೂ ನಿಂತಿತು.

ಅಂದಿನಿಂದ ನನ್ನ ಲೆಕ್ಕ ತಿರುಗುಮುರುಗು. ಮೊದಲು ಗಾಡಿ ನಿಲ್ಲಬೇಕು, ಆಮೇಲೆ ಇಂಜಿನ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಆಮೇಲೆ ಶುದ್ಧ ಪೆಟ್ರೋಲ್, ಆಮೇಲೆ ಕಿಡಿ. ಸ್ಟಾರ್ಟ್ ಮಾಡುವುದು ಎಲ್ಲಕ್ಕಿಂತ ಕೊನೆಗೆ.

ಎಷ್ಟು ವರ್ಷ ನಿಂತಿದ್ದರೆ ಏನೇನು ಕೆಟ್ಟಿರುತ್ತೆ?

ವರ್ಷಕ್ಕಿಂತ ಜಾಗ ಮುಖ್ಯ. ಕೆಲವು ತಿಂಗಳಲ್ಲೇ ಬ್ಯಾಟರಿ ಇಳಿಯುತ್ತೆ, ಪೆಟ್ರೋಲ್ ಹಳಸುತ್ತೆ. ಎರಡು ಮೂರು ವರ್ಷಕ್ಕೆ ಕಾರ್ಬುರೇಟರ್ ಕಟ್ಟಿಕೊಂಡು ಬ್ರೇಕು ಹಿಡಿದುಕೊಳ್ಳುತ್ತೆ. ಹತ್ತು ವರ್ಷ ದಾಟಿದರೆ ಟೈರು, ಆಯಿಲ್ ಸೀಲು, ವೈರು ಎಲ್ಲದರ ಮೇಲೂ ಅನುಮಾನ ಇಟ್ಟುಕೊಳ್ಳಿ. ಆದರೆ ಗಾಳಿಯಾಡುವ ಶೆಡ್ಡಿನಲ್ಲಿ ಹದಿನೈದು ವರ್ಷ ಇದ್ದದ್ದು, ಬೀದಿಯ ಹೊಂಗೆ ಮರದ ಕೆಳಗೆ ನಾಲ್ಕು ಮಳೆಗಾಲ ಕಂಡದ್ದಕ್ಕಿಂತ ಚೆನ್ನಾಗಿರುವುದುಂಟು. ಬಿಗಿಯಾಗಿ ಪ್ಲಾಸ್ಟಿಕ್ ಹೊದಿಸಿಟ್ಟವರ ಗಾಡಿ ಎಲ್ಲಕ್ಕಿಂತ ಕೆಟ್ಟಿರುತ್ತೆ. ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ರಿಪೇರಿ ಮಾಡಿಸೋದು ಲಾಭನಾ, ಗುಜರಿಗೆ ಹಾಕೋದು ಲಾಭನಾ?

ಲಾಭದ ಮಾತಾದರೆ ಗುಜರಿ. ಉಳಿಸಿಕೊಳ್ಳಬೇಕು ಅಂತ ಮನಸ್ಸಿದ್ದರೆ ಮೂರು ವಿಷಯ ನೋಡಿ: ಚಾಸಿ ನಂಬರ್, ಇಂಜಿನ್ ನಂಬರ್ ಓದುವಂತಿವೆಯೇ, ಆರ್‌ಸಿ ಕೈಯಲ್ಲಿದೆಯೇ, ಬಾಡಿಯಲ್ಲಿ ಜೀವ ಇದೆಯೇ. ಚೇತಕ್ ಆದರೆ ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಚುಚ್ಚಿ. ಟಣ್ ಅಂದರೆ ಸರಿ, ಹಪ್ಪಳದ ಹಾಗೆ ಒಳಗೆ ಹೋದರೆ ವೆಲ್ಡಿಂಗ್ ಖರ್ಚು ದೊಡ್ಡದು. ಕಾರಾದರೆ ಕಾರ್ಪೆಟ್ ಕೆಳಗಿನ ನೆಲ ನೋಡಿ. ಇಂಜಿನ್ ಎಷ್ಟು ಕೆಟ್ಟಿದ್ದರೂ ಸರಿಹೋಗುತ್ತೆ, ತಗಡು ಹೋದರೆ ಕಷ್ಟ.

ಇನ್ನೊಂದು ಭಯ ಬಿಡಿ. ಹದಿನೈದು ವರ್ಷ ಆದ ಪೆಟ್ರೋಲ್ ಗಾಡಿ ಓಡಿಸಬಾರದು ಅನ್ನುವ ದೆಹಲಿಯ ತಂಟೆ ಬೆಂಗಳೂರಿನ ಖಾಸಗಿ ಗಾಡಿಗಳಿಗೆ ಇಲ್ಲ. ನೋಂದಣಿ ನವೀಕರಿಸಿಕೊಂಡರೆ ಓಡಿಸಬಹುದು.

ಮನೆಯಲ್ಲೇ ಮಾಡಬಹುದಾ? ಏನೇನು ಸಾಮಾನು ಬೇಕು?

ಸ್ಪ್ಯಾನರ್ ಸೆಟ್ಟು, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡಿನ ಪಟ್ಟಿಗಳು), ಒಂದು ಮಲ್ಟಿಮೀಟರ್. ಪ್ರತಿ ನಟ್ಟು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಚ್ಚಿದ್ದನ್ನು ಕ್ರಮವಾಗಿ ಇಡಲು ಹಳೆಯ ಇಡ್ಲಿ ತಟ್ಟೆಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಗುಳಿಗೊಂದು ಭಾಗದ ಬೋಲ್ಟು. ಹಳೆಯದು ಅಂತ ಒತ್ತಿ ಹೇಳುತ್ತಿದ್ದೇನೆ. ನಾನು ಎತ್ತಿಕೊಂಡಿದ್ದು ಹಳೆಯದಾಗಿರಲಿಲ್ಲ, ಅದರ ಬಗ್ಗೆ ಮನೆಯಲ್ಲಿ ಇನ್ನೂ ಮಾತು ಬರುತ್ತೆ.

## ಇಂಜಿನ್, ಪೆಟ್ರೋಲ್, ಕಿಡಿ

ಕಿಕ್ಕರ್ ಇಳೀತಾನೇ ಇಲ್ಲ. ಇಂಜಿನ್ ಸೀಜ್ ಆಗಿದೆಯಾ?

ಬಹುಪಾಲು ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿರುತ್ತೆ, ಅಷ್ಟೆ. ಓಡುವಾಗ ಆಯಿಲ್ ಇಲ್ಲದೆ ಸೀಜ್ ಆಗುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಕಿಕ್ಕರ್ ಮೇಲೆ ನಿಂತು ಕುಣಿಯಬೇಡಿ. ಒಳಗಿನ ಹಲ್ಲು ಮುರಿದರೆ ಇಂಜಿನ್ ಪೂರ್ತಿ ಬಿಚ್ಚಬೇಕಾದೀತು.

ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಇಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ನಾಲ್ಕು ಚಮಚ ಬಿಡಿ. ತೂತಿಗೆ ಬಟ್ಟೆ ಮುಚ್ಚಿ, ಗಾಡಿಯನ್ನು ಮರೆತುಬಿಡಿ. ಎರಡು ದಿನಕ್ಕೊಮ್ಮೆ ಇನ್ನಷ್ಟು ಹಾಕಿ. ವಾರ ಕಳೆದ ಮೇಲೆ ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮೆಲ್ಲಗೆ ತಳ್ಳಿ. ತೊಟ್ಟಿಲು ತೂಗಿದಷ್ಟೇ ಬಲ ಸಾಕು. ಪಕ್ಕದ ಬೀದಿಯವರೊಬ್ಬರ ಯೆಜ್ಡಿ ಬೈಕು ಒಂಬತ್ತನೇ ದಿನ ಸಂಜೆ ಬಿಟ್ಟಿತು. ಎಂಟು ದಿನ ಬಂಡೆ, ಒಂಬತ್ತನೇ ದಿನ ಒಳಗೆಲ್ಲೋ 'ಟಿಕ್' ಅಂತ ಲಟಿಕೆ ಮುರಿದ ಸದ್ದು. ಚಕ್ರ ಒಂದು ಬೆರಳಿನಷ್ಟು ಜರುಗಿತು. ಆಗಲೂ ಅವಸರ ಮಾಡಲಿಲ್ಲ. ಇನ್ನಷ್ಟು ಎಣ್ಣೆ ಬಿಟ್ಟು, ಬೆರಳು ಗೇಣಾಗಿ, ಗೇಣು ಪೂರ್ತಿ ಸುತ್ತಾಗುವ ತನಕ ಇನ್ನೆರಡು ದಿನ ತಗೊಂಡೆವು.

ಎರಡು ಮೂರು ವಾರವಾದರೂ ಜಗ್ಗದಿದ್ದರೆ ಹೆಡ್ ಬಿಚ್ಚಬೇಕು. ಬಿಟ್ಟುಕೊಂಡ ಮೇಲೆ ಆ ಎಣ್ಣೆಯನ್ನೆಲ್ಲ ಹೊರಹಾಕದೆ ಪ್ಲಗ್ ಹಾಕಬೇಡಿ. ಪ್ಲಗ್ ತೂತಿಗೆ ಮುಖ ಇಟ್ಟುಕೊಂಡು ಕಿಕ್ ಹೊಡೆಯಲೂಬೇಡಿ, ಡೀಸೆಲ್ ಕಣ್ಣಿಗೇ ಹಾರುತ್ತೆ.

ಟ್ಯಾಂಕಲ್ಲಿ ಇನ್ನೂ ಅರ್ಧ ಪೆಟ್ರೋಲ್ ಇದೆ, ಚೆಲ್ಲೋಕೆ ಮನಸ್ಸಿಲ್ಲ. ಬಳಸಬಹುದಾ?

ಮೂಸಿ ನೋಡಿ. ಪೆಟ್ರೋಲಿನ ಘಾಟು ಹೋಗಿ ಹಳೆಯ ವಾರ್ನಿಶ್ ವಾಸನೆ ಬಂದರೆ ಅದು ಪೆಟ್ರೋಲ್ ಅಲ್ಲ. ಹಗುರವಾದ ಅಂಶ ಆವಿಯಾಗಿ, ಉಳಿದದ್ದು ಗೋಂದಾಗಿರುತ್ತೆ. ಚರಂಡಿಗೆ ಸುರಿಯಬೇಡಿ, ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಟ್ಟರೆ ಸಾಮಾನು ತೊಳೆಯಲು ಇಟ್ಟುಕೊಳ್ಳುತ್ತಾರೆ.

ಆಮೇಲೆ ಟ್ಯಾಂಕಿನೊಳಗೆ ಟಾರ್ಚ್ ಬಿಡಿ. ಕೆಂಪಗಿದ್ದರೆ ಟ್ಯಾಂಕ್ ಕಳಚಿ, ಮೊದಲು ಸೋಪಿನ ನೀರಿನಲ್ಲಿ ತೊಳೆದು, ಒಂದು ಹಿಡಿ ಹಳೆಯ ನಟ್ಟು ಬೋಲ್ಟು ಹಾಕಿ ಕುಲುಕಬೇಕು. ಎಷ್ಟು ಹಾಕಿದಿರಿ ಎಣಿಸಿಟ್ಟುಕೊಳ್ಳಿ, ಅಷ್ಟೂ ಹೊರಗೆ ಬರಬೇಕು. ಉಳಿದ ತುಕ್ಕಿಗೆ ವಿನೆಗರ್ ತುಂಬಿ ಒಂದೆರಡು ದಿನ ಬಿಡುವುದು ನನ್ನ ದಾರಿ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚುವ ನ್ಯಾಯವೇ ಇಲ್ಲೂ, ಹುಳಿ ಕಿಲುಬನ್ನು ಕರಗಿಸುತ್ತೆ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಚುರುಗುಟ್ಟುವ ಬಿಸಿಲಿನಲ್ಲಿ ಒಣಗಿಸಿ, ತಡಮಾಡದೆ ಒಳಗೆಲ್ಲ ಆಯಿಲ್ ಆಡಿಸಿ. ಒದ್ದೆ ಬಿಟ್ಟರೆ ಮರುದಿನವೇ ಮತ್ತೆ ಕೆಂಪು.

ಕಾರ್ಬುರೇಟರ್ ಎರಡು ಸಲ ಕ್ಲೀನ್ ಮಾಡಿಸಿದೆ, ಆದರೂ ಚೋಕ್ ತೆಗೆದರೆ ಆಫ್ ಆಗುತ್ತೆ. ಯಾಕೆ?

ಪೈಲಟ್ ಜೆಟ್ಟು. ಐಡ್ಲಿಂಗಿಗೆ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಪೆಟ್ರೋಲ್ ಬರುವುದು ಅದರಿಂದ, ಅದರ ತೂತು ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೆ. ಹೊರಗೆಲ್ಲ ಫಳಫಳ ತೊಳೆದು ಇದನ್ನು ಬಿಚ್ಚದೆ ಬಿಟ್ಟಿರುತ್ತಾರೆ. ಬೆಳಕಿಗೆ ಹಿಡಿದರೆ ಆಚೆ ಕಡೆ ದುಂಡಗೆ ಚುಕ್ಕಿ ಕಾಣಬೇಕು. ಪಿನ್ನು, ಸೂಜಿ ಹಾಕಿ ತಿವಿದರೆ ಹಿತ್ತಾಳೆ ತೂತು ದೊಡ್ಡದಾಗಿ ಜೀವಮಾನವಿಡೀ ಪೆಟ್ರೋಲ್ ಕುಡಿಯುತ್ತೆ. ವೈರಿನ ಒಂದು ತಾಮ್ರದ ಎಳೆ, ಪಂಕ್ಚರ್ ಅಂಗಡಿಯ ಗಾಳಿ, ಇವೆರಡೇ ಸಾಕು.

ಪ್ಲಗ್ ಹೊಸದು ಹಾಕಿದರೂ ಕಿಡಿ ಬರ್ತಾ ಇಲ್ಲ, ಏನು ನೋಡಲಿ?

ಹಳೆಯ ಚೇತಕ್, ಯೆಜ್ಡಿಗಳಲ್ಲಿ ಪಾಯಿಂಟ್, ಅಂದರೆ ಕಿಡಿಯ ಕರೆಂಟನ್ನು ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್ಚು, ಇರುತ್ತೆ. ನಿಂತಲ್ಲೇ ಅದರ ಬಾಯಿಗೆ ಕಿಲುಬು ಹಿಡಿದು ಕರೆಂಟು ಹಾಯುವುದಿಲ್ಲ. ನುಣುಪಾದ ಉಪ್ಪು ಕಾಗದದಲ್ಲಿ ಎರಡು ಸಲ ಎಳೆದು, ಪುಡಿ ಒರೆಸಿ, ಗ್ಯಾಪ್ ಸುಮಾರು 0.4 ಮಿ.ಮೀ.ಗೆ ಇಡಿ. ಪಾಯಿಂಟಿನಲ್ಲೇ ಪಟಪಟ ನೀಲಿ ಕಿಡಿ ಹಾರಿ ಪ್ಲಗ್ಗಿನಲ್ಲಿ ಬಡಕಲು ಹಳದಿ ಬಂದರೆ ಕಂಡೆನ್ಸರ್ ಹೋಗಿದೆ, ಬದಲಾಯಿಸಿ.

ಚೇತಕ್ ವಾಲಿಸಿ ಕಿಕ್ ಹೊಡೀತಿದ್ರಲ್ಲ, ಅದು ನಿಜಕ್ಕೂ ಕೆಲಸ ಮಾಡ್ತಿತ್ತಾ?

ಮಾಡುತ್ತಿತ್ತು. ವಾಲಿಸಿದಾಗ ಕಾರ್ಬುರೇಟರಿನ ಫ್ಲೋಟಿನ ಮಟ್ಟ ತಪ್ಪಿ ಹೆಚ್ಚು ಪೆಟ್ರೋಲ್ ಒಳಗೆ ಹೋಗುತ್ತೆ, ತಣ್ಣಗಿರುವ ಇಂಜಿನ್ನಿಗೆ ಅದೇ ಬೇಕಾದ್ದು. ಆದರೆ ದಿನಾ ವಾಲಿಸಲೇಬೇಕು ಅಂದರೆ ಚೋಕ್ ಕೇಬಲ್ಲೋ ಜೆಟ್ಟೋ ಸರಿಯಿಲ್ಲ ಅಂತ ಅರ್ಥ. ನಮ್ಮಪ್ಪ ಇಪ್ಪತ್ತು ವರ್ಷ ವಾಲಿಸಿದರು. ಈಗ ವಾಲಿಸದೆಯೇ ಹೊತ್ತಿಕೊಳ್ಳುವುದನ್ನು ನೋಡಿ "ಏನೋ ಸಪ್ಪೆ ಆಯ್ತಪ್ಪಾ" ಅಂದರು.

ಟೂ ಸ್ಟ್ರೋಕ್ ಗಾಡಿಗೆ ಆಯಿಲ್ ಎಷ್ಟು ಹಾಕಬೇಕು? ಬಂಕಲ್ಲಿ ಕೇಳಿದರೆ ಹುಡುಗರಿಗೆ ಗೊತ್ತೇ ಇಲ್ಲ.

ಚೇತಕ್‌ಗೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಬೆರೆಸಬೇಕು, ಅಂದರೆ ನೂರಕ್ಕೆ ಎರಡು ಪಾಲು. ಹಳೆಯ ಯೆಜ್ಡಿಗೆ ಇನ್ನೂ ಹೆಚ್ಚು ಬೇಕು, ಆ ಮಾಡೆಲಿನ ಕೈಪಿಡಿ ನೋಡಿಯೇ ಹಾಕಿ. ಅಳತೆ ಮುಚ್ಚಳ ಇರುವ ಬಾಟಲಿ ಡಿಕ್ಕಿಯಲ್ಲಿಟ್ಟುಕೊಳ್ಳಿ.

ಯಮಾಹಾ ಆರ್‌ಎಕ್ಸ್ 100 ಇಟ್ಟುಕೊಂಡವರು ಇಲ್ಲಿ ಎಚ್ಚರ. ಅದಕ್ಕೆ ಬೇರೆ ಆಯಿಲ್ ಟ್ಯಾಂಕು, ಪಂಪು ಇದೆ. ವರ್ಷಗಟ್ಟಲೆ ನಿಂತಾಗ ಆಯಿಲ್ ಪೈಪಿನಲ್ಲಿ ಗಾಳಿ ಸೇರಿರುತ್ತೆ. ಟ್ಯಾಂಕಿನಲ್ಲಿ ಆಯಿಲ್ ತುಂಬಿದ್ದರೂ ಇಂಜಿನ್ನಿಗೆ ಒಂದು ಹನಿ ಹೋಗದೆ ನಾಲ್ಕೇ ಕಿಲೋಮೀಟರಿಗೆ ಪಿಸ್ಟನ್ ಹಿಡಿದುಬಿಡಬಹುದು. ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ ಗಾಳಿ ತೆಗೆಯಿರಿ. ಪಂಪ್ ಕೆಲಸ ಮಾಡುತ್ತಿದೆ ಅಂತ ಖಾತ್ರಿಯಾಗುವ ತನಕ ಪೆಟ್ರೋಲಿಗೂ ಆಯಿಲ್ ಬೆರೆಸಿಯೇ ಓಡಿಸಿ. ಹೊಗೆ ಬರಲಿ ಬಿಡಿ.

## ಬ್ರೇಕು, ಟೈರು, ವೈರು

ಬ್ರೇಕ್ ತುಂಬಾ ಗಟ್ಟಿಯಾಗಿ ಹಿಡಿದಿದೆ, ಚಕ್ರ ತಿರುಗಲ್ಲ. ಎಳೆದುಬಿಡಲಾ?

ಎಳೆಯಬೇಡಿ. ಡ್ರಮ್ಮಿಗೆ ಶೂ ತುಕ್ಕಿನಿಂದ ಅಂಟಿರುತ್ತೆ. ಮರದ ತುಂಡು ಅಡ್ಡ ಇಟ್ಟು ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಮೆತ್ತಗೆ ತಟ್ಟಿದರೆ ಬಿಡುತ್ತೆ. ಬಿಟ್ಟ ಮೇಲೆ ಶೂ ನೋಡಲಿಕ್ಕೆಂದೇ ಡ್ರಮ್ ಬಿಚ್ಚಿ. ನಾನು ಮಾಡದೆ ಬಿಟ್ಟದ್ದು ಇದನ್ನೇ. ಕಾರುಗಳಲ್ಲಿ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವಂಥದ್ದು, ಹಳೆಯದಾದಂತೆ ಒಳಗಿನ ಸಿಲಿಂಡರಿಗೇ ತುಕ್ಕು ತರುತ್ತೆ. ಪೂರ್ತಿ ತೆಗೆದು ಹೊಸದು ಹಾಕಿ, ಚಕ್ರದ ಸಿಲಿಂಡರಿನ ರಬ್ಬರ್ ಕಿಟ್ ಬದಲಾಯಿಸಿ. ಇದರಲ್ಲಿ ಕಾಸು ಉಳಿಸಲು ಹೋಗಬೇಡಿ.

ಟೈರಲ್ಲಿ ಬಟನ್ (ಮೇಲಿನ ಉಬ್ಬು ಅಚ್ಚು) ಚೆನ್ನಾಗಿದೆ, ಜಾಸ್ತಿ ಓಡೇ ಇಲ್ಲ. ಬದಲಾಯಿಸಲೇಬೇಕಾ?

ಟೈರಿನ ಪಕ್ಕದಲ್ಲಿ ನಾಲ್ಕಂಕಿ ಹುಡುಕಿ. 1914 ಅಂದರೆ 2014ರ ಹತ್ತೊಂಬತ್ತನೇ ವಾರ ತಯಾರಾದದ್ದು. ರಬ್ಬರ್ ಓಡದಿದ್ದರೂ ಗಟ್ಟಿಯಾಗುತ್ತೆ. ಬಗ್ಗಿಸಿದಾಗ ಪಕ್ಕದಲ್ಲಿ ಕೂದಲ ಸೀಳು ಕಂಡರೆ, ಇಲ್ಲವೇ ಹತ್ತು ವರ್ಷ ದಾಟಿದ್ದರೆ, ಬಟನ್ ಎಷ್ಟಿದ್ದರೂ ಬೇಡ. ಚೇತಕ್‌ನ 3.50-10 ಅಳತೆಯ ಟೈರು ಈಗಲೂ ಸಿಗುತ್ತೆ. ಟ್ಯೂಬೂ ಹೊಸದೇ ಹಾಕಿ. ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು.

ಇಲಿ ವೈರೆಲ್ಲ ಕಡಿದಿದೆ. ಇನ್ನೇನೇನು ಹೊಕ್ಕಿರಬಹುದು?

ಏರ್ ಫಿಲ್ಟರಿನಲ್ಲಿ ಅಳಿಲು ಅಥವಾ ಇಲಿಯ ಗೂಡು, ಸೈಲೆನ್ಸರಿನಲ್ಲಿ ಕಣಜದ ಮಣ್ಣಿನ ಗೂಡು. ನಮ್ಮದು ಸ್ಟಾರ್ಟ್ ಆಗಿ ದಮ್ಮು ಕಟ್ಟಿದಂತೆ ನಿಲ್ಲುತ್ತಿತ್ತು. ಕಂಬಿ ತೂರಿಸಿ ಕೆದಕಿದರೆ ಒಂದು ಬೊಗಸೆ ಕೆಮ್ಮಣ್ಣು ಉದುರಿತು. ಕಡಿದ ವೈರಿಗೆ ಬರೀ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿಸಿ, ಫ್ಯೂಸ್ ಸರಿಯಿದೆಯೇ ನೋಡಿದ ಮೇಲೆಯೇ ಬ್ಯಾಟರಿ ಜೋಡಿಸಿ.

ನಮ್ಮದು ಮಾರುತಿ 800, ಏಳು ವರ್ಷ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೀಬಹುದಾ?

ತಡೆಯಿರಿ ಮೇಡಂ. ಮೊದಲು ಹಳೆಯ ಇಂಜಿನ್ ಆಯಿಲ್ ಇಳಿಸಿ, ಫಿಲ್ಟರ್ ಬದಲಾಯಿಸಿ, ಹೊಸದು ಹಾಕಿ. ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದೊಂದು ಚಮಚ ಆಯಿಲ್ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಈ ಕಾರಿನ ಟೈಮಿಂಗ್ ಬೆಲ್ಟ್ ರಬ್ಬರಿನದು, ಏಳು ವರ್ಷ ಒಂದೇ ಮಡಿಕೆಯಲ್ಲಿ ನಿಂತದ್ದನ್ನು ನಂಬಬೇಡಿ, ಬದಲಾಯಿಸಿ. ರೇಡಿಯೇಟರ್ ನೀರು ಕಾಫಿ ಬಣ್ಣಕ್ಕಿದ್ದರೆ ತೊಳೆಸಿ. ಆಮೇಲೆ ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು, ಆಯಿಲ್ ಲೈಟು ಆರಿದ ಮೇಲೆ ಪ್ಲಗ್ ಹಾಕಿ. ಕ್ಲಚ್ ಪ್ಲೇಟ್ ಅಂಟಿಕೊಂಡು ಗೇರ್ ಬೀಳದೇ ಇರುವುದೂ ಸಾಮಾನ್ಯ, ಇಂಜಿನ್ ಕೆಟ್ಟಿದೆ ಅಂತ ಹೆದರಬೇಡಿ.

ಸ್ಪೇರ್ಸ್ ಎಲ್ಲಿ ಸಿಗುತ್ತೆ ಅಣ್ಣಾ?

ಜೆ.ಸಿ. ರಸ್ತೆ, ಕಲಾಸಿಪಾಳ್ಯ. ಅಲ್ಲಿ ಸಿಗದ್ದು ಶಿವಾಜಿನಗರದ ಗುಜರಿಯಲ್ಲಿ. ಹೆಸರು ಹೇಳಿ ಕೇಳುವುದಕ್ಕಿಂತ ಹಳೆಯ ಸಾಮಾನನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ, ಕೌಂಟರಿನ ಮೇಲಿಡಿ. ಚೇತಕ್ ಅಂದರೆ ಚಿಕ್ಕ ಹುಡುಗರು ಈಗಿನ ಕರೆಂಟಿನ ಚೇತಕ್ ಅಂದುಕೊಳ್ಳುತ್ತಾರೆ. ಅಂಗಡಿಯ ಮೂಲೆಯಲ್ಲಿ ಕನ್ನಡಕ ಹಾಕಿಕೊಂಡು ಕೂತ ಹಿರಿಯರನ್ನು ಕೇಳಿ. ಯೆಜ್ಡಿಯ ಕತೆಯೂ ಅದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, 2022ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ಬೈಕಿನ ಸಾಮಾನು ಹಳೆಯದಕ್ಕೆ ಕೂರುವುದಿಲ್ಲ.

## ಕಾಗದಪತ್ರ

ಆರ್‌ಸಿ ಅವಧಿ ಮುಗಿದು ವರ್ಷಗಳಾಗಿವೆ. ಈಗ ರಿನ್ಯೂ ಆಗುತ್ತಾ, ಎಷ್ಟಾಗುತ್ತೆ?

ಆಗುತ್ತೆ. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಅರ್ಜಿ ಫಾರಂ 25. 2022ರ ಏಪ್ರಿಲ್‌ನಿಂದ ಶುಲ್ಕ ಬೈಕಿಗೆ 1,000, ಕಾರಿಗೆ 5,000 ರೂಪಾಯಿ. ಇಪ್ಪತ್ತು ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ ಕ್ರಮವಾಗಿ 2,000 ಮತ್ತು 10,000 ಮಾಡಿದರು. ತಡವಾದ ಪ್ರತಿ ತಿಂಗಳಿಗೆ ಬೈಕಿಗೆ 300, ಕಾರಿಗೆ 500 ಹೆಚ್ಚುವರಿ ಅಂತ ನಿಯಮ. ಜತೆಗೆ ಹಸಿರು ತೆರಿಗೆ, ಇನ್ಶೂರೆನ್ಸ್, ಹೊಗೆ ಪರೀಕ್ಷೆ, ಹೊಸ ಭದ್ರತಾ ನಂಬರ್ ಪ್ಲೇಟು.

ಗಾಡಿಯನ್ನು ಇನ್ಸ್‌ಪೆಕ್ಟರಿಗೆ ತೋರಿಸಬೇಕು. ಲೈಟು, ಹಾರ್ನ್, ಬ್ರೇಕ್ ಎಲ್ಲ ಇರಲಿ, ಚಾಸಿ ನಂಬರಿನ ಮೇಲಿನ ಬಣ್ಣ ಉಜ್ಜಿ ತೆಗೆದಿಡಿ. ನೋಂದಣಿ ಜೀವಂತ ಇಲ್ಲದ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಟಾಟಾ ಏಸ್‌ನಲ್ಲಿ ಹಾಕಿಕೊಂಡು ಹೋಗಿ. ಕೆಎ ಬರುವ ಮೊದಲಿನ, ಎಂಇ, ಸಿಎ ಅಕ್ಷರಗಳ ನಂಬರಾದರೆ ವಿವರ ಕಂಪ್ಯೂಟರಿನಲ್ಲಿ ಇರದೇ ಹೋಗಬಹುದು. ಮೂಲ ಆರ್‌ಸಿ ಪುಸ್ತಕ ಹಿಡಿದು, ನೋಂದಣಿಯಾದ ಆರ್‌ಟಿಒ ಕಚೇರಿಗೇ ಹೋಗಿ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿಕೊಳ್ಳಬೇಕು. ಒಂದು ದಿನದ ರಜೆ ಸಾಲುವುದಿಲ್ಲ.

ಗಾಡಿ ತೀರಿಕೊಂಡ ತಾತನ ಹೆಸರಲ್ಲಿದೆ. ಮಾರಾಟದ ಫಾರಂಗೆ ಹಳೇ ಸಹಿ ಇದೆ, ನಡೆಯುತ್ತಾ?

ಆ ಸಹಿಯ ಆಸೆ ಬಿಡಿ. ಮಾಲೀಕ ತೀರಿಕೊಂಡಾಗ ಬಳಸುವುದು ಫಾರಂ 31. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅತ್ತೆಯಂದಿರು, ಚಿಕ್ಕಪ್ಪಂದಿರ ಒಪ್ಪಿಗೆಯನ್ನು ಗಾಡಿ ಹೊಳೆಯುವ ಮೊದಲೇ ತಗೊಳ್ಳಿ. ಬಣ್ಣ ಹೊಡೆಸಿದ ಮೇಲೆ ಎಲ್ಲರಿಗೂ ತಾತನ ನೆನಪು ಜಾಸ್ತಿಯಾಗುತ್ತೆ.

ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರಿದೆ, ಆ ಬ್ಯಾಂಕೇ ಈಗಿಲ್ಲ. ಯಾರನ್ನು ಕೇಳಲಿ?

ಇದು ನನ್ನ ಇಲಾಖೆ. ಬ್ಯಾಂಕ್ ಇಲ್ಲದಿದ್ದರೂ ಅದರ ಲೆಕ್ಕ ಯಾರಿಗೋ ಹೋಗಿರುತ್ತೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಸಾಲ ತೀರಿದ ಚೀಟಿ ಏನಿದ್ದರೂ ಹಿಡಿದು ಈಗಿನ ಬ್ಯಾಂಕಿನ ಶಾಖೆಗೆ ಹೋಗಿ ಬಾಕಿ ಇಲ್ಲ ಅನ್ನುವ ಪತ್ರ, ಫಾರಂ 35ಕ್ಕೆ ಸಹಿ ಮೊಹರು ಕೇಳಿ. ತಿಂಗಳ ಕೊನೆಗೂ ಮಾರ್ಚಿನಲ್ಲೂ ಮಾತ್ರ ಬರಬೇಡಿ.

ಐವತ್ತು ವರ್ಷ ಹಳೇ ಗಾಡಿಗೆ ವಿಂಟೇಜ್ ನಂಬರ್ ಮಾಡಿಸಿದರೆ ಒಳ್ಳೇದಲ್ವಾ?

2021ರ ನಿಯಮದ ಪ್ರಕಾರ ಐವತ್ತು ದಾಟಿದ ಖಾಸಗಿ ಗಾಡಿಗೆ 'ವಿಎ' ಸರಣಿಯ ನಂಬರ್ ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಮಾಮೂಲಿ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥವಕ್ಕಷ್ಟೇ. ಗಾಂಧಿ ಬಜಾರಿಗೆ ಹೋಗಿ ಸೊಪ್ಪು ತರಬೇಕು ಅನ್ನುವವರಿಗಲ್ಲ.

## ಓಡತೊಡಗಿದ ಮೇಲೆ

ಈಗಿನ ಇ20 ಪೆಟ್ರೋಲ್ ಹಳೇ ಗಾಡಿಗೆ ಹಾಕಬಹುದಾ?

ಬಂಕಿನಲ್ಲಿ ಸಿಗುವುದೇ ಅದು, ಹಾಕದೆ ವಿಧಿಯಿಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ (ಟ್ಯಾಂಕಿನ ನಲ್ಲಿಯ) ವಾಶರು ಊದಿಕೊಳ್ಳಬಹುದು, ಬಿರಿಯಬಹುದು. ಅವನ್ನೆಲ್ಲ ಈಗಿನ ಗುಣಮಟ್ಟದ್ದಕ್ಕೆ ಬದಲಾಯಿಸಿ, ತಿಂಗಳಿಗೊಮ್ಮೆ ಮೂಸಿ, ಮುಟ್ಟಿ ನೋಡಿ. ಎಥನಾಲ್ ನೀರನ್ನೂ ಹೀರುತ್ತೆ, ಹೀರಿದ ನೀರು ಹೆಚ್ಚಾದರೆ ಬೇರ್ಪಟ್ಟು ತಳ ಸೇರುತ್ತೆ. ಟ್ಯಾಂಕ್ ತುಂಬಿಸಿ ವಾರಗಟ್ಟಲೆ ನಿಲ್ಲಿಸುವ ಅಭ್ಯಾಸ ಬಿಡಿ.

ಮಂಗಳೂರಲ್ಲಿ ಚೆನ್ನಾಗಿ ಓಡ್ತಿದ್ದ ಬೈಕು ಇಲ್ಲಿಗೆ ತಂದ ಮೇಲೆ ಪ್ಲಗ್ ಕಪ್ಪಾಗ್ತಿದೆ. ಯಾಕೆ?

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಇಲ್ಲಿ ಗಾಳಿ ತೆಳು. ಕಾರ್ಬುರೇಟರಿಗೆ ಅದು ತಿಳಿಯದು, ಅಲ್ಲಿನಷ್ಟೇ ಪೆಟ್ರೋಲ್ ಬಿಡುತ್ತೆ, ಹೆಚ್ಚಾದದ್ದು ಪೂರ್ತಿ ಉರಿಯದೆ ಪ್ಲಗ್ಗಿಗೆ ಮಸಿ ಕಟ್ಟುತ್ತೆ. ಕಾರ್ಬುರೇಟರಿನ ಏರ್ ಸ್ಕ್ರೂ ಸ್ವಲ್ಪ ಬಿಚ್ಚಿ, ಅದರೊಳಗಿನ ಸೂಜಿಯ ಕ್ಲಿಪ್ ಒಂದು ಗೆರೆ ಮೇಲಕ್ಕೆ ಹಾಕಿ ನೋಡಿ.

ಬಿಳಿ ಹೊಗೆ ನಿಲ್ತಾನೇ ಇಲ್ಲ, ಗೇರ್ ಆಯಿಲೂ ಕಡಿಮೆ ಆಗ್ತಿದೆ. ಬೋರ್ ಮಾಡಿಸಲಾ?

ಬೋರಿಗೆ, ಅಂದರೆ ಸಿಲಿಂಡರ್ ಕೊರೆಸಿ ದೊಡ್ಡದು ಮಾಡಿಸುವುದಕ್ಕೆ, ಕೈಹಾಕುವ ಮೊದಲು ಕ್ರ್ಯಾಂಕಿನ ಆಯಿಲ್ ಸೀಲ್ ನೋಡಿಸಿ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಆ ಸೀಲ್ ಒಣಗಿ ಸೀಳಿದರೆ ಗೇರ್ ಆಯಿಲ್ಲನ್ನು ಇಂಜಿನ್ನೇ ಎಳೆದುಕೊಂಡು ಸುಡುತ್ತೆ. ಬೋರ್ ಮಾಡಿಸಲೇಬೇಕಾದರೆ ಪಿಸ್ಟನ್ ಮೊದಲು ಕೊಂಡು, ಅದನ್ನೇ ಲೇತಿನವರ ಕೈಗಿಟ್ಟು, ಅದರ ಅಳತೆಗೆ ಬೋರ್ ಮಾಡಿಸಿ. ಬೋರ್ ಮುಗಿದ ಮೇಲೆ ಆ ಅಳತೆಯ ಪಿಸ್ಟನ್ ಹುಡುಕಿಕೊಂಡು ಜೆ.ಸಿ. ರಸ್ತೆ ಅಲೆದವರನ್ನು ಕಂಡಿದ್ದೇನೆ.

ಆರು ತಿಂಗಳು ಮಗಳ ಮನೆಗೆ ಹೋಗ್ತಿದೀವಿ. ಮತ್ತೆ ನಿಲ್ಲಿಸೋದು ಹೇಗೆ?

ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ಆಫ್ ಆಗುವ ತನಕ ಇಂಜಿನ್ ಓಡಿಸಿ, ಕಾರ್ಬುರೇಟರ್ ಖಾಲಿಯಾಗುತ್ತೆ. ಬ್ಯಾಟರಿ ಕಳಚಿಡಿ. ಡಬಲ್ ಸ್ಟ್ಯಾಂಡ್ ಹಾಕಿ, ಮೇಲೆ ಪ್ಲಾಸ್ಟಿಕ್ ಬೇಡ, ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ. ಕಾರಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡಿ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಹಾಗೆ ತುರುಕಿದೆ ಅಂತ ಒಂದು ಚೀಟಿ ಬರೆದು ಹ್ಯಾಂಡಲ್ಲಿಗೆ ಕಟ್ಟಿ. ವಾಪಸು ಬಂದವರಿಗೆ ಅದು ನೆನಪಿರುವುದಿಲ್ಲ. ನನಗೂ ಇರಲಿಲ್ಲ.